ಮಿತ್ರಾಸ್ ಕುರಿತ ಸಂದೇಶ: ಒಂದು ಸ್ಪಷ್ಟನೆ

ರೋಮನ್ ದೇವತೆ ಮಿತ್ರಾಸ್ ಡಿಸೆಂಬರ್ 25ರಂದು ಕನ್ಯೆಯ ಮಗನಾಗಿ ಹುಟ್ಟಿದ, ಅವನಿಗೆ 12 ಶಿಷ್ಯರಿದ್ದರು, ಸತ್ತು ಮೂರನೆಯ ದಿನ ಎದ್ದುಬಂದ, ಯೇಸುವಿನ ಕಥೆ ಅದರ ನಕಲು ಎಂಬ ಸಂದೇಶವನ್ನು ಪರಿಶೀಲಿಸದೆ ನಾನೂ ಹಂಚಿದ್ದೆ, ಅದು ತಪ್ಪು. ರೋಮನ್ ಶಿಲ್ಪಗಳಲ್ಲಿ ಮಿತ್ರಾಸ್ ಒಂದು ಕೈಯಲ್ಲಿ ಕಠಾರಿ, ಇನ್ನೊಂದರಲ್ಲಿ ಪಂಜು ಹಿಡಿದು, ಬಂಡೆಯೊಳಗಿಂದ ಮೇಲೇಳುತ್ತಾನೆ. ಅಲ್ಲಿ ತಾಯಿಯೇ ಇಲ್ಲ. ಕೆಲವೆಡೆ ಅವನ ಸುತ್ತ ಕಾಣುವ 12 ಚಿಹ್ನೆಗಳು ರಾಶಿಚಕ್ರದವು. ಅವನ ಸಾವಿನ ಕಥೆ ಯಾವ ಪ್ರಾಚೀನ ಆಧಾರದಲ್ಲೂ ಸಿಗುವುದಿಲ್ಲ. ಕ್ರಿ.ಶ. 354ರ ರೋಮನ್ ಪಂಚಾಂಗ ಡಿಸೆಂಬರ್ 25ನ್ನು ‘ಅಜೇಯ’ನ (ಸಾಮಾನ್ಯವಾಗಿ ಸೂರ್ಯದೇವನೆಂದು ಅರ್ಥೈಸುತ್ತಾರೆ) ಜನ್ಮದಿನ ಎನ್ನುತ್ತದೆ, ಮಿತ್ರಾಸನ ಹೆಸರು ಅಲ್ಲಿಲ್ಲ. ಕ್ರೈಸ್ತರ ಪ್ರಭು ಭೋಜನದ ಆಚರಣೆಯೊಂದಿಗೆ ಹೋಲಿಕೆ ನಿಜವಾಗಿ ಇರುವುದು ಮಿತ್ರಾಸ್ ಪಂಥಕ್ಕೆ ಸೇರುವವರ ದೀಕ್ಷೆಯ ರೊಟ್ಟಿ ಮತ್ತು ನೀರಿನ ಬಟ್ಟಲಿನಲ್ಲಿ. ಅದನ್ನು 2ನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ತಾನೇ ಗುರುತಿಸಿದ್ದ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.