ಊರಿನಿಂದ ಹೊರಡುವ ಪಾಠ, ವ್ಯಾಖ್ಯೆಯಿಂದ ಹೊರಡುವ ಪಾಠ

ಪ್ರಶ್ನೆ: ರಾಜ್ಯ, ವರ್ಗ, ಅಧಿಕಾರ, ಸಮುದಾಯ ಮೊದಲಾದ ಮೂಲ ಪರಿಕಲ್ಪನೆಗಳನ್ನು ಮಲೆನಾಡಿನ ಮಕ್ಕಳಿಗೆ ಅವರ ಊರಿನ ಅನುಭವದಿಂದಲೇ ಆರಂಭಿಸಿ ಕಲಿಸಬೇಕೇ?

ಶಿವಮೊಗ್ಗ ಜಿಲ್ಲೆಯ ಪದವಿಪೂರ್ವ ತರಗತಿಗಳಲ್ಲಿ ರಾಜ್ಯಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಪಾಠ ಮಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಕೆಳಗಿನ ಎರಡೂ ಬರಹಗಳು ನನ್ನವೇ. ಮೊದಲನೆಯದು ನಾನು ಬಹಳ ವರ್ಷ ನಡೆದುಕೊಂಡ ರೀತಿ, ಎರಡನೆಯದು ನಂತರ ನನ್ನೊಳಗೇ ಎದ್ದ ತಕರಾರು. ಯಾವುದರ ಕಡೆಗೆ ಈಗ ನನ್ನ ಒಲವು ಎಂಬುದನ್ನು ಓದುಗರಿಂದ ಮುಚ್ಚಿಡುವ ಉದ್ದೇಶವಿಲ್ಲ.

ಪರ

ಪ್ರಥಮ ಪಿಯುಸಿ ವಿದ್ಯಾರ್ಥಿಯನ್ನು ರಾಜ್ಯದ ಮೂಲಾಂಶಗಳು ಯಾವುವು ಎಂದು ಕೇಳಿದರೆ ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಹಾಗಾದರೆ ಕರ್ನಾಟಕ ರಾಜ್ಯಕ್ಕೆ ಪರಮಾಧಿಕಾರ ಇದೆಯೇ ಎಂದು ಮರುಪ್ರಶ್ನೆ ಹಾಕಿದರೆ ಇದೆ ಎನ್ನುತ್ತಾನೆ. ತಪ್ಪು ಅವನದಲ್ಲ. ಕನ್ನಡದಲ್ಲಿ ಶಾಸ್ತ್ರದ ರಾಜ್ಯಕ್ಕೂ ಬೆಂಗಳೂರಿನಿಂದ ಆಳಿಸಿಕೊಳ್ಳುವ ರಾಜ್ಯಕ್ಕೂ ಹೆಸರು ಒಂದೇ. ವರ್ಗದ ಗತಿಯೂ ಇದೇ. ಆಸ್ತಿ ಮತ್ತು ದುಡಿಮೆಯ ಸಂಬಂಧದ ಮೇಲೆ ನಿಂತ ವರ್ಗವನ್ನು ನಾವು ವಿವರಿಸುತ್ತಿದ್ದರೆ, ಪ್ರಮಾಣಪತ್ರಕ್ಕಾಗಿ ನಾಡಕಚೇರಿಯಲ್ಲಿ ಸಾಲು ನಿಂತು ಬಂದ ಹುಡುಗಿಗೆ ಅದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ತನ್ನ ಜಾತಿಯ ಹೆಸರಾಗಿ ಕೇಳಿಸುತ್ತದೆ. ಸಮಾಜ ಎಂಬ ಮಾತಂತೂ ನಮ್ಮ ಕಡೆ ಹೆಚ್ಚುಕಡಿಮೆ ಜಾತಿ ಸಂಘಕ್ಕೇ ಮೀಸಲು: ನಮ್ಮ ಸಮಾಜದ ಹಾಸ್ಟೆಲ್, ನಮ್ಮ ಸಮಾಜದ ಕಲ್ಯಾಣ ಮಂಟಪ. ಈ ಮಾತುಗಳು ತರಗತಿಗೆ ಬರುವ ಮೊದಲೇ ಮಕ್ಕಳ ಮನಸ್ಸಿನಲ್ಲಿ ಅರ್ಥ ತುಂಬಿಕೊಂಡು ಕುಳಿತಿವೆ. ಅದನ್ನು ವಿಚಾರಿಸದೆ ಮೇಲಿಂದ ವ್ಯಾಖ್ಯೆ ಬರೆಸುವುದೆಂದರೆ ಸಾರಿಸದ ನೆಲದ ಮೇಲೆ ರಂಗೋಲಿ ಹಾಕಿದಂತೆ.

ಅಧಿಕಾರದ ಪಾಠಕ್ಕೆ ಒಂದು ವರ್ಷ ನಾನು ಮನೆಯ ಅಟ್ಟದಲ್ಲಿದ್ದ ಹಳೆಯ ಕೊಳಗವನ್ನೂ ಸೇರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮೇಜಿನ ಮೇಲೆ ಪೇಪರು ಹಾಸಿ, ಒಂದು ಸಲ ಭತ್ತವನ್ನು ಕೊಳಗದ ಬಾಯಿಗೆ ಸಮನಾಗಿ ಕೋಲಿನಿಂದ ಸವರಿ ಅಳೆದೆವು, ಇನ್ನೊಂದು ಸಲ ಗೋಪುರದಂತೆ ಏರಿಸಿ ಅಳೆದೆವು, ಎರಡನ್ನೂ ಮತ್ತೆ ಸೇರಿಗೆ ಸುರಿದು ನೋಡಿದೆವು. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಕೋಲು ಯಾರ ಕೈಲಿರ್ತಿತ್ತು?” ಎಂದ. ನಾನು ಎರಡು ತರಗತಿಗಳಲ್ಲಿ ಹೇಳಬೇಕೆಂದುಕೊಂಡಿದ್ದ ವಿಷಯ ಆ ಒಂದು ಪ್ರಶ್ನೆಯೊಳಗಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ದೀವರ ಜಾತಿಯ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಗೇಣಿ ಅಳೆಯುವ ಕೊಳಗದ ಗಾತ್ರವೇ ಮುಖ್ಯ ತಕರಾರುಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದರು, ಸಮಾಜವಾದಿಗಳು ಬೆನ್ನಿಗೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಷ್ಟನ್ನು ಚರಿತ್ರೆಯ ಮೇಷ್ಟರು ಹೇಳುತ್ತಾರೆ. ರಾಜ್ಯಶಾಸ್ತ್ರದ ಪಾಠ ಇರುವುದು ಅದರ ಒಳಗೆ. ಭೂಮಿಯ ಒಡೆಯರು ಅಳೆದದ್ದೇ ಅಳತೆ ಎಂದು ತಲೆಮಾರುಗಟ್ಟಲೆ ನಡೆದುಕೊಂಡು ಬಂದವರು ಒಂದು ಸುಗ್ಗಿಯಲ್ಲಿ ಹಾಗೆ ನಡೆಯುವುದಿಲ್ಲ ಎಂದರು. ಅಳತೆಯನ್ನು ಒಪ್ಪಿಕೊಂಡಿರುವಷ್ಟು ದಿನ ಇದ್ದದ್ದು ಅಧಿಕಾರ; ಒಪ್ಪಿಗೆ ಕಳಚಿದ ಮೇಲೆ ಉಳಿದದ್ದು ಬಲ, ಅಂದರೆ ಒಕ್ಕಲೆಬ್ಬಿಸುವ ಬೆದರಿಕೆ, ಪೊಲೀಸರು, ಜೈಲು. ಅಧಿಕಾರಕ್ಕೆ ಜನರ ಮಾನ್ಯತೆ ಬೇಕು ಎಂಬ ಒಣ ವಾಕ್ಯಕ್ಕೆ ಮಲೆನಾಡಿನಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದಿಲ್ಲ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾದಾಗ ಅದೇ ಒಪ್ಪಿಗೆ ಹೊಸ ರೂಪದಲ್ಲಿ ಕಾನೂನಾಯಿತು ಎಂಬಲ್ಲಿಗೆ ಮಕ್ಕಳು ತಾವೇ ಬರುತ್ತಾರೆ. ಹಲವರ ಮನೆಯ ಟ್ರಂಕಿನಲ್ಲಿ ಗೇಣಿ ಭೂಮಿಯ ಹಕ್ಕು ಕೋರಿ ಭೂನ್ಯಾಯಮಂಡಳಿಗೆ ಕೊಟ್ಟ ಏಳನೇ ನಮೂನೆಯ ಅರ್ಜಿಯ ಪ್ರತಿ ಇನ್ನೂ ಮಡಿಚಿಕೊಂಡೇ ಇದೆ.

ರಾಜ್ಯದ ನಾಲ್ಕು ಅಂಶಗಳಿಗೂ ಇಲ್ಲೇ ಪರೀಕ್ಷೆಯಿದೆ. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರ ಸೆಪ್ಟೆಂಬರ್‌ನಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಜನರಿದ್ದರು, ನೆಲವಿತ್ತು, ತಮ್ಮದೇ ಅಧಿಕಾರಿಗಳಿದ್ದರು, ಪರಮಾಧಿಕಾರವನ್ನೂ ಘೋಷಿಸಿಕೊಂಡಿದ್ದರು. ಹಾಗಾದರೆ ಆ ಕೆಲವು ದಿನ ಈಸೂರು ಒಂದು ರಾಜ್ಯವಾಗಿತ್ತೇ? ಆಗಿರಲಿಲ್ಲವೆಂದರೆ ನಾಲ್ಕರಲ್ಲಿ ಯಾವುದರ ಕೊರತೆ ಇತ್ತು? ಮೇಲೆ ಮೈಸೂರಿನ ಮಹಾರಾಜರು, ಅವರ ಮೇಲೆ ಬ್ರಿಟಿಷರ ಸರ್ವೋಚ್ಚತೆ ಇದ್ದಾಗ ಮೈಸೂರಾದರೂ ಪರಮಾಧಿಕಾರವುಳ್ಳ ರಾಜ್ಯವಾಗಿತ್ತೇ? ಘೋಷಣೆ ಎಲ್ಲಿ ಮುಗಿಯುತ್ತದೆ, ರಾಜ್ಯ ಎಲ್ಲಿ ಆರಂಭವಾಗುತ್ತದೆ ಎಂಬ ಈ ಚರ್ಚೆಯನ್ನು ನಾಲ್ಕು ಅಂಶಗಳ ಪಟ್ಟಿ ತಾನಾಗಿ ಎಬ್ಬಿಸಲಾರದು. ನಿರ್ದಿಷ್ಟ ನೆಲದ ಮೇಲೆ ಬಲಪ್ರಯೋಗದ ನ್ಯಾಯಬದ್ಧ ಹಕ್ಕು ತನ್ನೊಬ್ಬನದೇ ಎಂದು ಸಾಧಿಸಿಕೊಳ್ಳುವುದೇ ರಾಜ್ಯ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್‌ನ ಉಪನ್ಯಾಸವೊಂದರಲ್ಲಿ ಹೇಳಿದ್ದನ್ನು ನಾನು ಈಸೂರಿನ ನಂತರವೇ ಹೇಳುತ್ತಿದ್ದೆ. ಆಗ ಅದು ಮಕ್ಕಳಿಗೆ ಜರ್ಮನಿಯ ಮಾತಾಗಿ ಕೇಳಿಸುತ್ತಿರಲಿಲ್ಲ.

ಊರಿನ ಉದಾಹರಣೆಗಳು ಶಾಲೆಗೆ ಸರಿ, ಶಾಸ್ತ್ರಕ್ಕೆ ಸಾಲವು ಎನ್ನುವವರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ತೋರಿಸಿದರೆ ಸಾಕು. ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ, ಅವರೇ ರಾಮಪುರ ಎಂದು ಹೆಸರಿಟ್ಟ ಊರಿನಲ್ಲಿ, ಭೂಮಿ ಯಾರದು, ಪಂಚಾಯಿತಿಕೆ ಯಾರದು, ಸಂಖ್ಯೆ ಯಾರದು ಎಂದು ನೋಡುತ್ತಾ ಹೋಗಿ ಪ್ರಬಲ ಜಾತಿ ಎಂಬ ಪರಿಕಲ್ಪನೆಗೆ ಅವರು ರೂಪ ಕೊಟ್ಟರು. ಇಂದು ಭಾರತದ ಸಮಾಜವನ್ನು ಓದುವವರು ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಕನ್ನಡದ ಹಳ್ಳಿಯಿಂದ ಹೊರಟ ಪರಿಕಲ್ಪನೆಯನ್ನು ಕನ್ನಡದ ಮಕ್ಕಳಿಗೆ ಪರದೇಶದ ಸಾಮಾನಿನಂತೆ ಬರೆಸುತ್ತಿದ್ದೇವೆ ಎಂಬುದು ನನಗೆ ಆಗ ಬಹಳ ಬೇಸರದ ಸಂಗತಿಯಾಗಿತ್ತು.

ವಿರೋಧ

ಕೊಳಗದ ಪಾಠ ಮುಗಿದ ಮೇಲೆ ನಡೆದದ್ದನ್ನು ಮೇಲೆ ಬರೆಯಲಿಲ್ಲ. ತರಗತಿ ಖಾಲಿಯಾದಾಗ ಹುಡುಗಿಯೊಬ್ಬಳು ಮೇಜಿನ ಮೇಲೆ ಚೆಲ್ಲಿದ್ದ ಭತ್ತವನ್ನು ಪೇಪರಿನಲ್ಲಿ ಒಟ್ಟು ಮಾಡುತ್ತಾ, “ಕೋಲು ನಮ್ಮಜ್ಜನ ಕೈಲಿತ್ತು ಸರ್” ಎಂದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಪ್ರಶ್ನೆ ಕೇಳಿದ ಹುಡುಗ ಗೇಣಿದಾರರ ಮನೆಯವನು, ಇವಳು ಒಡೆಯರ ಮನೆಯವಳು, ಇಬ್ಬರೂ ಒಂದೇ ಬಸ್ಸಿನಲ್ಲಿ ಬರುವವರು. ಊರಿನ ಅನುಭವದಿಂದ ಪಾಠ ಆರಂಭಿಸಿ ಎನ್ನುವವರು ಊರಿಗೆ ಒಂದೇ ಅನುಭವ ಇದೆ ಎಂದು ಲೆಕ್ಕ ಹಾಕಿರುತ್ತಾರೆ. ನಾನೂ ಹಾಗೆಯೇ ಹಾಕಿದ್ದೆ, ಮತ್ತು ನನಗೆ ತಿಳಿಯದೆಯೇ ಆ ಲೆಕ್ಕದಲ್ಲಿ ಒಂದು ಕಡೆ ನಿಂತಿದ್ದೆ.

ನ್ಯಾಯ ಯಾರ ಕಡೆಗಿತ್ತು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ, ಗೇಣಿದಾರರ ಕಡೆಗಿತ್ತು. ಆದರೆ ಅಧಿಕಾರ ಎಂಬುದು ಅರ್ಥವಾಗುವ ಮೊದಲೇ ಅಧಿಕಾರಸ್ಥ ಯಾರು ಎಂದು ಬೆರಳು ಮಾಡಿ ತೋರಿಸಿದರೆ, ಒಬ್ಬ ಹುಡುಗ ತಾನು ಗೆದ್ದೆನೆಂದುಕೊಳ್ಳುತ್ತಾನೆ, ಒಬ್ಬ ಹುಡುಗಿ ತಾನು ಅಪರಾಧಿಯೆಂದುಕೊಳ್ಳುತ್ತಾಳೆ, ಪರಿಕಲ್ಪನೆ ಮಾತ್ರ ಇಬ್ಬರಿಗೂ ಸಿಗುವುದಿಲ್ಲ. ಅಧಿಕಾರವೆಂದರೆ ವ್ಯಕ್ತಿಯ ಕೆಟ್ಟತನವಲ್ಲ, ಒಂದು ಸಂಬಂಧ. ಅದು ಇಬ್ಬರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಈ ಮಾತು ತಲೆಗೆ ಇಳಿಯಬೇಕಾದರೆ ಯಾರ ಮನೆಯ ಅಂಗಳವೂ ಅಲ್ಲದ ಜಾಗದಲ್ಲಿ ಒಮ್ಮೆ ನಿಲ್ಲಬೇಕು. ವ್ಯಾಖ್ಯೆ ಅಂಥ ಜಾಗ. ಅದು ಒಣಗಿರುವುದೇ ಅದರ ಗುಣ.

ಈಸೂರಿನ ಪಾಠವೂ ಇದೇ ರೀತಿ ಕೈ ತಪ್ಪುತ್ತದೆ. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವರ ಮುಂದೆ, ಅದು ರಾಜ್ಯವಾಗಿರಲಿಲ್ಲ ಎಂದು ಶಾಸ್ತ್ರ ಹೇಳುವುದೇ ಅಪಚಾರವಾಗಿ ಕೇಳಿಸುತ್ತದೆ. ಆ ಊರಿನಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು, 1943ರಲ್ಲಿ ಊರಿನ ಐವರು ಗಲ್ಲಿಗೇರಿದರು. ಗಲ್ಲಿಗೇರಿದವರ ಹೆಸರಿನ ಮುಂದೆ ನ್ಯಾಯಬದ್ಧ ಬಲಪ್ರಯೋಗ ಎಂಬ ಮಾತನ್ನು ತಣ್ಣಗೆ ಚರ್ಚಿಸುವುದು ಹದಿನಾರರ ಮಕ್ಕಳಿಂದ ಸಾಧ್ಯವಿಲ್ಲ. ಅವರಿಂದ ಅದನ್ನು ನಿರೀಕ್ಷಿಸಬೇಕೆಂದೂ ನನಗನಿಸುವುದಿಲ್ಲ. ಮೊದಲು ಎಂದೂ ಕಾಣದ ದೇಶದ ಉದಾಹರಣೆಯಲ್ಲಿ ಪಳಗಿ, ಆಮೇಲೆ ಈಸೂರಿಗೆ ಬಂದರೆ ಹೆಮ್ಮೆಯೂ ಉಳಿಯುತ್ತದೆ, ಪ್ರಶ್ನೆಯೂ ಉಳಿಯುತ್ತದೆ.

ನನ್ನ ಮನಸ್ಸನ್ನು ನಿಜವಾಗಿ ಬದಲಿಸಿದ್ದು ಸೊಪ್ಪಿನಬೆಟ್ಟ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಿಗರು ಕೊಟ್ಟಿಗೆಗೂ ಗೊಬ್ಬರಕ್ಕೂ ಸೊಪ್ಪು, ದರಗು ತರುವ ಈ ಬೆಟ್ಟಗಳನ್ನು ಸಾಮೂಹಿಕ ಸಂಪತ್ತಿನ ಉದಾಹರಣೆಯಾಗಿ ನಾನು ಅಭಿಮಾನದಿಂದ ಹೇಳುತ್ತಿದ್ದೆ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದಕ್ಕೆ ನಮ್ಮ ಬೆಟ್ಟವೇ ಉತ್ತರ ಎಂಬುದು ನನ್ನ ಪಾಠದ ಸಾರ. ಹಾರ್ಡಿನ್‌ಗೆ ಸರಿಯಾದ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅವರು ಒಂದು ಊರನ್ನು ಹೊಗಳಿ ಉತ್ತರಿಸಲಿಲ್ಲ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿ, ಜಪಾನಿನ ಹಳ್ಳಿಗಳು, ಸ್ಪೇನಿನ ನೀರಾವರಿ ಕಾಲುವೆಗಳು, ಫಿಲಿಪೈನ್ಸಿನ ನೀರು ಸಂಘಗಳು, ಇವೆಲ್ಲವನ್ನೂ ಒಂದೇ ಪ್ರಶ್ನೆಯ ಕೆಳಗೆ ಇಟ್ಟು ನೋಡಿದರು. ಟೋರ್ಬೆಲ್‌ನಲ್ಲಿ 1517ರಿಂದಲೇ ಒಂದು ಕಟ್ಟಳೆಯಿದೆ: ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡಬಹುದು. ಯಾರು ಒಳಗೆ, ಯಾರು ಹೊರಗೆ, ಎಷ್ಟು, ಮೀರಿದರೆ ಏನು ಎಂಬುದು ಅಲ್ಲಿ ಬರಹದಲ್ಲಿದೆ.

ಈ ಪ್ರಶ್ನೆಗಳನ್ನು ಹಿಡಿದುಕೊಂಡು ವಾಪಸು ನಮ್ಮ ಬೆಟ್ಟಕ್ಕೆ ಬಂದಾಗ ನನಗೆ ಮುಜುಗರವಾಯಿತು. ಸೊಪ್ಪಿನಬೆಟ್ಟದ ನೆಲ ಸರ್ಕಾರದ್ದು, ಸವಲತ್ತು ಅಡಿಕೆ ತೋಟ ಇರುವವರದು. ಆ ತೋಟದಲ್ಲೇ ಅಡಿಕೆಗೊನೆ ಕೊಯ್ದು, ಸೊಪ್ಪು ಹೊತ್ತು, ಅಡಿಕೆ ಸುಲಿದು ಬದುಕುವ ತೋಟವಿಲ್ಲದವರಿಗೆ ಆ ಬೆಟ್ಟದಲ್ಲಿ ಪಾಲಿಲ್ಲ. ಎಲ್ಲರದೂ ಎಂದು ನಾನು ಹೇಳುತ್ತಿದ್ದುದು ಕೆಲವರದು. ಊರಿನಿಂದಲೇ ಹೊರಟಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ, ಏಕೆಂದರೆ ನಮ್ಮ ಮನೆಗೂ ಒಂದು ಬೆಟ್ಟವಿದೆ.

ಮಲೆನಾಡಿನ ಅನುಭವ ಎನ್ನುವಾಗ ಯಾವ ಮಲೆನಾಡು ಎಂಬ ಪ್ರಶ್ನೆಯೂ ಉಳಿಯುತ್ತದೆ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆಗೆ ದುಡಿಯಲು ತಮಿಳು, ತೆಲುಗು ಸೀಮೆಗಳಿಂದ ಬಂದವರ ಮೊಮ್ಮಕ್ಕಳಿಗೆ ಕೊಳಗವೂ ಸೊಪ್ಪಿನಬೆಟ್ಟವೂ ಮ್ಯೂನಿಕ್‌ನಷ್ಟೇ ದೂರ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳ ಭೂಮಿಯ ಹಕ್ಕು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಆ ಮನೆಗಳ ಮಕ್ಕಳಿಗೆ ನಿಮ್ಮ ಊರಿನಿಂದ ಉದಾಹರಣೆ ಕೊಡಿ ಎಂದು ಹೇಳುವಾಗ ಸ್ವಲ್ಪ ನಾಲಿಗೆ ತಡೆಯಬೇಕು. ಪರೀಕ್ಷೆಯ ವಿಷಯ ಹೆಚ್ಚು ಬೇಡ. ಪ್ರಶ್ನೆಪತ್ರಿಕೆ ಇಡೀ ಕರ್ನಾಟಕಕ್ಕೆ ಒಂದೇ, ಮೌಲ್ಯಮಾಪನ ಮಾಡುವವರು ಕಾಗೋಡಿನ ಹೆಸರನ್ನೇ ಕೇಳಿರಬೇಕೆಂದಿಲ್ಲ.

ಇನ್ನು ಶ್ರೀನಿವಾಸ್. ರಾಮಪುರಕ್ಕೆ ಅವರು 1948ರಲ್ಲಿ ಹೋದದ್ದು ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿದ ಮೇಲೆ. ಆ ಹಳ್ಳಿಯವರಿಗೆ ಯಾರ ಮಾತು ನಡೆಯುತ್ತದೆ ಎಂಬುದು ಶ್ರೀನಿವಾಸರಿಗಿಂತ ಚೆನ್ನಾಗಿ ಗೊತ್ತಿತ್ತು, ಪರಿಕಲ್ಪನೆ ಮಾತ್ರ ಗೊತ್ತಿರಲಿಲ್ಲ. ಬೇರೆ ಕಡೆಯ ಸಮಾಜಗಳ ಮೇಲೆ ತೀಡಿದ ಪ್ರಶ್ನೆಗಳನ್ನು ಹೊತ್ತುಕೊಂಡು ಬಂದವರಿಗೆ ಅದು ಕಂಡಿತು. ಮೊದಲನೆಯ ಬರಹದಲ್ಲಿ ಅವರನ್ನು ನನ್ನ ಪಕ್ಷಕ್ಕೆ ಸೇರಿಸಿಕೊಂಡದ್ದು ಅರ್ಧ ಕಥೆ.

ಕೊಳಗದ ಪಾಠ ಕೇಳಿದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬಲಕ್ಕೂ ಅಧಿಕಾರಕ್ಕೂ ಇರುವ ವ್ಯತ್ಯಾಸವೇನು ಎಂದು ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಹಿಂದಿನ ಬೆಂಚಿನ ಆ ಹುಡುಗ “ಕೋಲು ಯಾರ ಕೈಯಲ್ಲಿದೆಯೋ ಅವರದೇ ಅಧಿಕಾರ” ಎಂದು ಒಂದೇ ಸಾಲು ಬರೆದಿದ್ದ. ಓದಿ ಖುಷಿಯಾಗಿ ಎರಡು ಅಂಕವನ್ನೂ ಕೊಟ್ಟೆ. ಅವನು ಬರೆದದ್ದು ಬಲದ ವ್ಯಾಖ್ಯೆ. ಅಧಿಕಾರದ ಬಗ್ಗೆ ಆ ಸಾಲಿನಲ್ಲಿ ಏನೂ ಇರಲಿಲ್ಲ.