ಆದೇಶ ಪಾಲಿಸುವ ನೊಣ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ನೊಣದಷ್ಟು ಕಾನೂನಿಗೆ ತಲೆಬಾಗುವ ಜೀವಿ ಈ ನಾಡಿನಲ್ಲಿ ಮತ್ತೊಂದಿಲ್ಲ ಎಂಬುದನ್ನು, ದನದ ಮೈತುಂಬ ಗಂಟೇಳಿಸುವ ಚರ್ಮಗಂಟು ರೋಗದ ಕಾಲದಲ್ಲಿ ಹೊರಬೀಳುವ ಸುತ್ತೋಲೆಗಳನ್ನು ಓದಿದವರು ಒಪ್ಪಲೇಬೇಕಾಗುತ್ತದೆ. ಈ ವೈರಾಣುವನ್ನು ದನದಿಂದ ದನಕ್ಕೆ ಸಾಗಿಸುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ ಮತ್ತು ಉಣ್ಣೆಗಳು ಎಂದು ಮೊದಲ ಸಾಲಿನಲ್ಲೇ ಬರೆದಿರುತ್ತದೆ. ಎರಡನೆಯ ಸಾಲಿನಿಂದ ಸಹಿಯವರೆಗಿನ ನಿರ್ಬಂಧಗಳೆಲ್ಲ, ದನದ ಸಂತೆ, ಜಾತ್ರೆ, ಸಾಗಾಟ ಬಂದ್ ಎಂಬಂಥವು, ದನಕ್ಕೆ ಮತ್ತು ಅದರ ಒಡೆಯನಿಗೆ ಮೀಸಲು. ನೊಣಕ್ಕೆ ಪ್ರತ್ಯೇಕವಾಗಿ ಹೇಳುವ ಅಗತ್ಯವಿಲ್ಲ, ಅದು ತಾನಾಗಿಯೇ ಅರ್ಥ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಇರಬೇಕು.

1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು, 2022ರಲ್ಲಿ ನಮ್ಮ ಕೊಟ್ಟಿಗೆಗಳಲ್ಲಿ ಜೋರಾಗಿ ಹಬ್ಬಿತು. ತೊಂಬತ್ತು ವರ್ಷ ಮೊದಲೇ ಸುದ್ದಿ ಮುಟ್ಟಿಸಿ ಬಂದ ಅತಿಥಿಯನ್ನು ನಾವು 'ಅನಿರೀಕ್ಷಿತ' ಎಂದು ಕರೆದೆವು.

ಆಡುಸಿಡುಬಿನ ಲಸಿಕೆಯನ್ನೇ ಇದಕ್ಕೂ ಬಳಸಲಾಯಿತು. ಅದನ್ನು ಆರೋಗ್ಯವಂತ ದನಕ್ಕೆ ಹಾಕಬೇಕು, ಮೈಯಲ್ಲಿ ಬಲ ಹುಟ್ಟಲು ಸುಮಾರು ಮೂರು ವಾರ ಬೇಕು. ಹಾಗಾಗಿ ಮಳೆ ಬಿದ್ದು ನೊಣ ಏಳುವುದಕ್ಕೆ ಮೊದಲೇ ಹಾಕುವುದು ಲೇಸು. ಆದರೆ ರೋಗವಿಲ್ಲದ ಊರಿಗೆ ಲಸಿಕೆ ಕೇಳಿದರೆ 'ನಿಮ್ಮಲ್ಲಿ ರೋಗವೆಲ್ಲಿದೆ' ಎಂಬ ಪ್ರಶ್ನೆ, ರೋಗ ಬಂದ ಮೇಲೆ ಕೇಳಿದರೆ 'ಸುತ್ತಲಿನ ಐದು ಕಿಲೋಮೀಟರಿಗೆ ಆದ್ಯತೆ' ಎಂಬ ಉತ್ತರ. ಸಭ್ಯ ನೊಣ ಅಷ್ಟರಲ್ಲಿ ಐದನೆಯ ಕಿಲೋಮೀಟರಿನ ಕಲ್ಲಿನ ಮೇಲೆ ಕುಳಿತು, ಮೂರು ವಾರ ಬಾಯಿ ಕಟ್ಟಿಕೊಂಡು ಕಾಯುತ್ತದೆ.

ಸಂತೆ ನಿಲ್ಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ದೂರದ ಊರಿಗೆ ರೋಗ ಹೋಗುವುದು ಲಾರಿ ಏರಿದ ದನದ ಜೊತೆಗೇ. ಅಮೀನಗಡದ ಸಂತೆಯಲ್ಲಾಗಲಿ ಚಿಂಚಲಿಯ ಜಾತ್ರೆಯಲ್ಲಾಗಲಿ ಎತ್ತುಗಳು ಒತ್ತಿ ನಿಂತರೆ ನೊಣಕ್ಕೆ ಪಂಕ್ತಿಯೂಟ. ಆದರೆ ಕಬ್ಬು ನುರಿಸುವ ಹಂಗಾಮು ಶುರುವಾದೊಡನೆ ಗಡಿಯಾಚೆಯಿಂದ ಬಂದು ಸಕ್ಕರೆ ಕಾರ್ಖಾನೆಯ ಮುಂದೆ ಮೈಗೆ ಮೈ ತಾಗಿಸಿ ನಿಲ್ಲುವ ಕಬ್ಬಿನ ಗಾಡಿಯ ಎತ್ತುಗಳನ್ನು ಕಚ್ಚಬಾರದೆಂಬ ಅರ್ಥಶಾಸ್ತ್ರವನ್ನು ನೊಣಕ್ಕೆ ಕಲಿಸಿದವರು ಯಾರೋ ತಿಳಿಯದು. ಒದ್ದೆ ಸಗಣಿಯಲ್ಲೂ ಕೊಳೆತ ಮೇವಿನಲ್ಲೂ ಮೊಟ್ಟೆಯಿಡುವ ನೊಣದ ಸಂಸಾರಕ್ಕೆ ತಿಪ್ಪೆಗಳೂ ಕಟ್ಟಿಕೊಂಡ ಚರಂಡಿಗಳೂ ಧಾರಾಳವಾಗಿವೆ. ಔಷಧಿ ಸಿಂಪಡಿಸುವ ಯಂತ್ರ ಊರಿಗೆ ಬರುವುದೇ ಇಲ್ಲವೆನ್ನಲಾಗದು. ಮಂತ್ರಿಗಳು ಬರುವ ಹಿಂದಿನ ದಿನ ಬರುತ್ತದೆ.

ಇನ್ನು ಪರಿಹಾರ. 2022ರಲ್ಲಿ ಸರಕಾರ ಸತ್ತ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿ ಘೋಷಿಸಿತು. ಕಿಲಾರಿ ತಳಿಯ ಎತ್ತಿನ ಜೋಡಿಯ ಬೆಲೆ ಲಕ್ಷ ದಾಟುವ ಸೀಮೆಯಲ್ಲಿ ಇದನ್ನು ಪರಿಹಾರ ಎನ್ನುವುದಕ್ಕಿಂತ ಸಾಂತ್ವನ ಎನ್ನುವುದು ಒಳ್ಳೆಯದು. ಅದು ಸಿಗಬೇಕಾದರೂ ದನದ ಕಿವಿಯಲ್ಲಿ ಹನ್ನೆರಡು ಅಂಕಿಯ ಕಿವಿಯೋಲೆ ಇರಬೇಕು, ಮರಣೋತ್ತರ ಪರೀಕ್ಷೆಯಾಗಬೇಕು, ಫೋಟೊ ಇರಬೇಕು. ಸೋಂಕಿತ ದನದ ಹೆಣವನ್ನು ತಡಮಾಡದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕೆಂಬುದು ಒಂದು ನಿಯಮ. ವೈದ್ಯರು ಬಂದು ನೋಡುವವರೆಗೆ ಹೂಳಬಾರದೆಂಬುದು ಮತ್ತೊಂದು. ವೈದ್ಯರ ಹೆಗಲ ಮೇಲೆ ಮೂರು ಆಸ್ಪತ್ರೆಗಳ ಪ್ರಭಾರವಿದ್ದರೆ ಅವರನ್ನು ದೂರುವಂತೆಯೂ ಇಲ್ಲ. ಹೂಳಿದವನಿಗೆ ದಾಖಲೆಯಿಲ್ಲ, ಕಾದವನ ಮನೆಯಲ್ಲಿ ಉಸಿರಾಡುವಂತಿಲ್ಲ. ಕಿವಿಯೋಲೆ ಹಾಕುವ ವಯಸ್ಸಿಗೆ ಮುಂಚೆಯೇ ಸತ್ತ ಕರು ಸರಕಾರದ ಪುಸ್ತಕದಲ್ಲಿ ಹುಟ್ಟಿಯೇ ಇಲ್ಲ.

ಎಲ್ಲ ಸರಿಯಿದ್ದ ಅರ್ಜಿಯೂ ಎರಡು ತಿಂಗಳ ನಂತರ ಒಂದು ಷರಾದೊಂದಿಗೆ ಹಿಂದಿರುಗಬಹುದು: 'ಕಿವಿಯೋಲೆಯ ಸಂಖ್ಯೆ ಸ್ಪಷ್ಟವಾಗಿಲ್ಲ, ಹೊಸ ಫೋಟೊ ಸಲ್ಲಿಸುವುದು.' ಗುಂಡಿ ಮುಚ್ಚಿ, ಅದರ ಮೇಲೆ ಜೋಳ ಮೊಳಕಾಲುದ್ದ ಬೆಳೆದ ಹೊತ್ತಿನಲ್ಲಿ ಆ ಕಾಗದ ಹಿಡಿದು ನಿಂತ ರೈತ ಕೇಳುವುದು ಇಷ್ಟೇ: "ಸಾಹೇಬ್ರ, ಆಕಳಾ ನಿಂತಿರೂ ಫೋಟೊ ಬೇಕೋ, ಮಲಗಿರೂದು ನಡೀತೈತೋ?"