ಗುಂಪುಗಳ ಕಾಂಟ್ರಾಸ್ಟ್ ಕುರಿತು ಸ್ಪಷ್ಟನೆ

ಎರಡು ಗುಂಪುಗಳನ್ನು ಎರಡೆರಡು ಬಾರಿ ಎಫ್‌ಎಂಆರ್‌ಐಗೆ (ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಸ್ಕ್ಯಾನ್) ಒಳಪಡಿಸಿದ ಅಧ್ಯಯನದಲ್ಲಿ, ಪ್ರತಿ ವ್ಯಕ್ತಿಗೂ ಪ್ರತ್ಯೇಕ ಕಾಲಮ್ ಇರುವ ಎಸ್‌ಪಿಎಂ (ಆ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶ) ಮಾದರಿಯೊಂದರಲ್ಲೇ ಗುಂಪುಗಳ ಒಟ್ಟಾರೆ ವ್ಯತ್ಯಾಸವನ್ನೂ ಪರೀಕ್ಷಿಸಬಹುದೆಂಬ ಮಾತು ಕಲಬುರಗಿಯ ಸಂಶೋಧನಾ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕೆಂದು ಕಾಲಮ್‌ಗಳಿಗೆ ಕೊಡುವ ತೂಕಗಳೇ ಕಾಂಟ್ರಾಸ್ಟ್. ಮೊದಲ ಗುಂಪಿನ ಎರಡು ಬಾರಿ, ಬಳಿಕ ಎರಡನೆಯ ಗುಂಪಿನ ಎರಡು ಬಾರಿ ಎಂಬ ನಾಲ್ಕು ಕಾಲಮ್‌ಗಳಿಗೆ ಬರಿಯ 1, 1, −1, −1 ತೂಕಗಳನ್ನು ಆ ತಂತ್ರಾಂಶವೇ ಒಪ್ಪುವುದಿಲ್ಲ. ವ್ಯಕ್ತಿಗಳ ಕಾಲಮ್‌ಗಳಿಗೂ ತೂಕ ತುಂಬಿದರೆ ಒಪ್ಪುತ್ತದೆ, ಗೊಂದಲ ಹುಟ್ಟುವುದೂ ಅಲ್ಲಿಯೇ. ವ್ಯಕ್ತಿ ವ್ಯಕ್ತಿಗಳ ನಡುವಿನ ಏರುಪೇರನ್ನು ಆ ಕಾಲಮ್‌ಗಳು ಮೊದಲೇ ಹೀರಿಕೊಂಡಿರುವುದರಿಂದ, ದೋಷಪದದಲ್ಲಿ (ಮಾದರಿ ವಿವರಿಸದೆ ಬಿಟ್ಟ ಏರುಪೇರಿನಲ್ಲಿ) ಒಬ್ಬೊಬ್ಬರೊಳಗಿನ ಏರುಪೇರಷ್ಟೇ ಉಳಿದು, ಟಿ ಮೌಲ್ಯ (ವ್ಯತ್ಯಾಸವನ್ನು ಆ ದೋಷದ ಅಳತೆಯಿಂದ ಭಾಗಿಸಿದ್ದು) ಸಾಮಾನ್ಯವಾಗಿ ಉಬ್ಬಿಕೊಳ್ಳುತ್ತದೆ. ಫಲಿತಾಂಶ ತೋರಿಸುವ ಮಿದುಳಿನ ನಕ್ಷೆಯ ತುಂಬ ಬಣ್ಣ ಮೂಡಿದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ!

ಗುಂಪುಗಳ ವ್ಯತ್ಯಾಸಕ್ಕೆ ಪ್ರತಿಯೊಬ್ಬರ ಎರಡೂ ಚಿತ್ರಗಳ ಸರಾಸರಿ ತೆಗೆದು, ಎರಡು ಗುಂಪುಗಳ ಸ್ವತಂತ್ರ ಟಿ ಪರೀಕ್ಷೆ ನಡೆಸಬೇಕು. ಗುಂಪು ಮತ್ತು ಸಮಯದ ಪರಸ್ಪರ ಪರಿಣಾಮಕ್ಕಾದರೆ (ಎರಡು ಬಾರಿಯ ನಡುವಿನ ಬದಲಾವಣೆ ಎರಡು ಗುಂಪುಗಳಲ್ಲಿ ಬೇರೆಯೇ ಎಂದು ನೋಡಲು) 1, −1, −1, 1 ತೂಕಗಳು ಅದೇ ಮಾದರಿಯಲ್ಲಿ ಸಲ್ಲುತ್ತವೆ.